ಮೂರು ಬಾಟಲಿ ನೀರು ಹೊತ್ತು ಬೀಗರ ಊರಿಗೆ

ತೊಂಡೇಬಾವಿಯಿಂದ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟೆ. ಮುಂದಿದ್ದ ಬೈಕೂ ಕಾಣದಷ್ಟು ಮಂಜು. ಹೆಗಲ ಚೀಲದಲ್ಲಿ ಎರಡು ಬಾಟಲಿ ನೀರು. ಒಂದು ನಮ್ಮ ಮನೆಯ ಬೋರಿನದು, ಇನ್ನೊಂದು ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯದರ ಮೇಲೂ ‘ನಮ್ಮ ಬೋರು’ ಎಂದು ಚೀಟಿ ಅಂಟಿಸಿದ್ದೆ. ಪರೀಕ್ಷೆ ಮಾಡುವವರನ್ನು ಮೊದಲು ನಾನೇ ಪರೀಕ್ಷೆ ಮಾಡಬೇಡವೇ?

ಈ ಪ್ರಯಾಣಕ್ಕೆ ಕಾರಣ ನನ್ನ ಮೊಮ್ಮಗಳು ಕಾವ್ಯ. ದಿಬ್ಬೂರಹಳ್ಳಿಗೆ ಕೊಟ್ಟಿದ್ದೇವೆ. ಈಗ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ನಾನು, ನೀರಿನ ಪರೀಕ್ಷೆಯ ಕಾಗದ ಬರುವವರೆಗೂ ಕಳಿಸುವುದಿಲ್ಲ ಎಂದು ಅವಳ ಅತ್ತೆ ನಾರಾಯಣಮ್ಮ. ಆಳದ ಬೋರುಗಳ ನೀರಿನಲ್ಲಿ ಲೋಹ ಇರುತ್ತದೆ ಎಂದು ಆಕೆಗೆ ಅಂಗನವಾಡಿಯಲ್ಲಿ ಯಾರೋ ಹೇಳಿದ್ದರಂತೆ. ನಮ್ಮ ಬೋರಿಗೆ! ಸುತ್ತ ಹತ್ತು ಊರಲ್ಲಿ ಅಷ್ಟು ಆಳದ್ದು, ಅಷ್ಟು ತಣ್ಣನೆಯದು ಇನ್ನೊಂದಿಲ್ಲ. ಕೊರೆಸಿದವನು ನಾನೇ.

ಮಂಚೇನಹಳ್ಳಿಯಲ್ಲಿ ಇಳಿದು ಬಿಸಿ ಇಡ್ಲಿ ತಿಂದೆ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಪುಕ್ಕಟೆ ಟಿಕೆಟ್, ನನಗೆ ಮಾತ್ರ ದುಡ್ಡು. “ಸೆರಗು ಹೊದ್ಕೊಂಡ್ರೆ ಬಿಡ್ತೀಯೇನಪ್ಪ?” ಎಂದು ಕಂಡಕ್ಟರನ್ನು ಕೇಳಿದೆ. “ಮೀಸೆ ಬೋಳಿಸ್ಕೊಂಡು ಬಾ ತಾತ, ನೋಡಣ,” ಎಂದ.

ಚಿಕ್ಕಬಳ್ಳಾಪುರದ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನ ಸುಳ್ಳು ಬಾಟಲಿಗೆ ಲವಣ ಅಳೆಯುವ, ಪೆನ್ನಿನಂಥ ಮೀಟರು ಅದ್ದಿ, ನನ್ನ ಮುಖ ನೋಡಿದಳು.

“ತಾತ, ಇದು ಅಂಗಡಿ ನೀರು. ನಿಜವಾದದ್ದು ತೆಗೀರಿ.”

“ಭೇಷ್! ಪಾಸಾದೆ ಕಣಮ್ಮ,” ಎಂದು ಬೆನ್ನು ತಟ್ಟಿ ಚೀಲಕ್ಕೆ ಕೈಹಾಕಿದೆ. ಒಂದೇ ಉಳಿದಿರಬೇಕಿತ್ತು, ಎರಡು ಬಾಟಲಿ ಸಿಕ್ಕವು! ಒಂದು ನಾನು ತಂದ ಬೋರಿನದು. ಇನ್ನೊಂದರ ಮೇಲೆ ನನ್ನ ಹೆಂಡತಿಯ ಸೊಟ್ಟ ಅಕ್ಷರ: ‘ಹಳೇ ಬಾವಿ’. ಐವತ್ತು ವರ್ಷ ನಾನು ಅವಳನ್ನು ಆಟ ಆಡಿಸಿದ್ದೇನೆ. ನನಗೆ ತಿಳಿಯದಂತೆ ನನ್ನ ಚೀಲಕ್ಕೆ ಕೈಹಾಕಿದ್ದು ಇದೇ ಮೊದಲು. ಹಿತ್ತಲ ಆ ಬಾವಿ ಬತ್ತಿ ಹೋಗಿತ್ತು. ಎರಡು ಮಳೆಗಾಲ ಚೆನ್ನಾಗಿ ಸುರಿದ ಮೇಲೆ ಅರ್ಧಕ್ಕೆ ಬಂದಿದೆ. ಈಗ ಅದು ಎಮ್ಮೆ ತೊಳೆಯಲಿಕ್ಕೆ. ಹುಡುಗಿ ಎರಡನ್ನೂ ತೆಗೆದುಕೊಂಡು, ನಾಲ್ಕನೇ ದಿನ ಬನ್ನಿ ಎಂದಳು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ದಿಬ್ಬೂರಹಳ್ಳಿ ಸೇರಿದೆ. ನಾರಾಯಣಮ್ಮ ರೇಷ್ಮೆ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಮದುವೆಯಲ್ಲಿ ಅವರ ಕಡೆಯವರ ವೀಳ್ಯದೊಳಗೆ ಹಸಿಮೆಣಸಿನಕಾಯಿ ಇಟ್ಟವನು ನಾನೇ. ಅದನ್ನು ಅವರು ಮರೆತಿಲ್ಲ.

“ಬನ್ನಿ ಬೀಗ್ರೇ. ಕೈ ಮುಂದೆ ಇಟ್ಕೊಂಡು ಬನ್ನಿ, ಏನಿದೆ ನೋಡಣ.”

“ಬರೀ ಪ್ರೀತಿ ಇದೆ ತಾಯಿ.”

“ಅದ್ನ ಆಚೆ ಬಿಟ್ಟು ಬನ್ನಿ. ನನ್ ಹುಳ ಸತ್ತಾವು!”

ಮುದ್ದೆ, ಹಿತಕಿದ ಅವರೆಬೇಳೆ ಸಾರು. ಮೂರು ದಿನವೂ ಅದೇ, ಮೂರು ದಿನವೂ ಎರಡೆರಡು ಮುದ್ದೆ. ಉಣ್ಣುತ್ತಾ ನಮ್ಮ ಮನೆಯ ಬಾಣಂತನದ ವೈಭವ ಹೇಳಿದೆ. ಬಾಣಂತಿಗೆ ಹಸಿ ನೀರು ತೋರಿಸುವುದಿಲ್ಲ. ಮೂರು ಚೊಂಬು ನೀರನ್ನು ಒಂದು ಚೊಂಬಿಗೆ ಇಂಗಿಸಿ, ಓಮ ಹಾಕಿ ಕೊಡುತ್ತೇವೆ. ಅದಕ್ಕೆಂದೇ ತಾಮ್ರದ ಹಂಡೆ ಬೆಳಗಿಟ್ಟಿದ್ದೇನೆ. ನಾರಾಯಣಮ್ಮ ಮೊದಲ ಸಲ ನನ್ನ ಮಾತಿಗೆ ತಲೆಯಾಡಿಸಿದರು. “ನಾವೂ ಹಂಗೇ ಇಂಗಿಸೋದು,” ಎಂದರು.

ಕಾವ್ಯ ಮಾತ್ರ ನಾನು ಕೈತೊಳೆಯುವಾಗ ಪಕ್ಕಕ್ಕೆ ಬಂದಳು. “ತಾತ, ನಂಗೆ ಅಜ್ಜಿ ಹತ್ರಾನೇ ಇರ್ಬೇಕು ಅನ್ಸುತ್ತೆ. ಆದ್ರೆ ಕಾಗದದಲ್ಲಿ ತಮಾಷೆ ಮಾಡ್ಬೇಡ.” “ಇಲ್ಲ ಕಣಮ್ಮ,” ಎಂದೆ.

ನಾಲ್ಕನೇ ದಿನ ನಾರಾಯಣಮ್ಮ ತಾವೇ ಹೊರಟು ನಿಂತರು. “ನೀವೊಬ್ರೇ ಹೋದ್ರೆ ಕಾಗದಾನೇ ಬದಲಾಯಿಸ್ತೀರ.”

ಪ್ರಯೋಗಾಲಯದ ಹುಡುಗಿ ಮೊದಲು ಬೋರಿನ ಕಾಗದ ತೆಗೆದಳು. ಯುರೇನಿಯಂ, ಮಿತಿಗಿಂತ ಹೆಚ್ಚು. ಆಳದ ಬಂಡೆಯೊಳಗಿನ ಲೋಹವಂತೆ, ನೀರಿಗೆ ಇಳಿಯುತ್ತದಂತೆ. ಬಣ್ಣವಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ಪೆಟ್ಟು.

ನಾನು ಸೋಲುವವನೇ? “ಅದಕ್ಕೇನಮ್ಮ, ಮೂರು ಚೊಂಬನ್ನ ಒಂದಕ್ಕೆ ಇಂಗಿಸ್ತೀವಿ. ಎಂಥದಿದ್ರೂ ಸಾಯುತ್ತೆ.”

“ಕುದಿಸಿದ್ರೆ ಸಾಯೋದು ಕ್ರಿಮಿ, ತಾತ. ಬೆಲ್ಲದ ನೀರು ಇಂಗಿಸಿದ್ರೆ ಬೆಲ್ಲ ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ,” ಎಂದರು ನಾರಾಯಣಮ್ಮ, ಮೆಲ್ಲಗೆ. “ಪಾಕ ಆಗುತ್ತೆ.”

ಮೂರು ಚೊಂಬಿನ ಲೋಹ ಒಂದೇ ಚೊಂಬಿನಲ್ಲಿ. ಅದನ್ನು ಕಾವ್ಯಳಿಗೆ ನನ್ನ ಕೈಯಾರೆ ಕುಡಿಸಲು ಹಂಡೆ ಬೆಳಗಿಟ್ಟಿದ್ದೆ. ಬೆಂಚಿನ ಮೇಲೆ ಕುಳಿತೆ.

ಹುಡುಗಿ ಎರಡನೇ ಕಾಗದ ಮುಂದಿಟ್ಟಳು. ಹಳೇ ಬಾವಿಯಲ್ಲಿ ಲೋಹ ಮಿತಿಯೊಳಗೇ ಇದೆ. ಕ್ರಿಮಿ ಇದೆ, ಅದಕ್ಕೆ ಮದ್ದಿದೆ. ಹೂಳು ತೆಗೆಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ಎಮ್ಮೆ ದೂರ ಕಟ್ಟಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಆಮೇಲೂ ಮುಚ್ಚಳ ಮುಚ್ಚಿ ಒಂದು ಕುದಿ ಬರಿಸಬೇಕು. ಇಂಗಿಸಬಾರದು. ಬೋರು ಬಟ್ಟೆ, ಪಾತ್ರೆಗೆ ಇರಲಿ.

ನಾರಾಯಣಮ್ಮ ಶಿಡ್ಲಘಟ್ಟದ ಬಸ್ಸು ಹತ್ತಿ ಕಿಟಕಿಯಿಂದ ಕೂಗಿದರು: “ಬಾವಿ ಕಾಗದ ಸರಿ ಬಂದ್ರೆ ಕಳಿಸ್ತೀನಿ. ಬೋರಿನ ನಲ್ಲಿಗೆ ಕುಡಿಯೋಕಲ್ಲ ಅಂತ ಕೆಂಪು ಬಣ್ಣ ಬಳೀರಿ, ನಿಮ್ ಕೈಯಿಂದಾನೇ!”

ಊರು ಮುಟ್ಟುವ ಹೊತ್ತಿಗೆ ಹಿತ್ತಲಲ್ಲಿ ಎಮ್ಮೆ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಹೊಸ ಹಗ್ಗ, ಪಕ್ಕದಲ್ಲಿ ಒಂದು ಗುಡ್ಡೆ ಹೂಳು. ಹೆಂಡತಿ ಕಾಗದವನ್ನು ಕೇಳಲೂ ಇಲ್ಲ. “ಬಾವಿ ನೀರು ಕೊಡೋ ಯೋಚನೆ ನಂದೇ ಅಂತ ಊರಿಗೆಲ್ಲ ಹೇಳ್ತೀನಿ ಕಣೇ,” ಎಂದೆ. “ಹೇಳ್ಕೋ. ಮೊದ್ಲು ಬಣ್ಣ ಬಳಿ,” ಎಂದಳು. ಬಳಿದೆ. ಅಷ್ಟು ನೀಟಾಗಿ ಬಳಿದ ನಲ್ಲಿ ಹತ್ತು ಊರಲ್ಲಿ ಇನ್ನೊಂದಿಲ್ಲ.

ಬಾವಿಯ ಮರುಪರೀಕ್ಷೆಯ ಕಾಗದ ಸರಿ ಬಂತು. ಸಂಕ್ರಾಂತಿ ಕಳೆದ ಮೂರನೇ ದಿನ ಕಾವ್ಯ ಬಂದಿಳಿದಳು. ಒಳಗೆ ಕಾಲಿಡುವ ಮೊದಲೇ ನನ್ನ ಕೈಗೆ ತುಂಬಿದ ಬಾಟಲಿಯೊಂದನ್ನು ಕೊಟ್ಟಳು.

“ಅತ್ತೆ ಕಳಿಸಿದ್ದು. ನಮ್ಮನೆ ಬೋರಿಂದು. ನಿಮ್ ತಾತಂಗೆ ದಾರಿ ಗೊತ್ತು, ಪರೀಕ್ಷೆ ಮಾಡಿಸ್ಲಿ ಅಂದ್ರು. ನೀರು ಬದಲಾಯಿಸ್ಬಾರ್ದಂತೆ.”

ಮುಚ್ಚಳದ ಸುತ್ತ ಅರಗು ಕರಗಿಸಿ ಮುದ್ರೆ ಒತ್ತಿದ್ದರು.