ಮಾವನ ಒಂದು ಕಣ್ಣು

ಪಿರಿಯಾಪಟ್ಟಣದ ಹತ್ತಿರ, ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹದಮಾಡುವ ಗೂಡುಮನೆ, ಬ್ಯಾರನ್ನಿನ ಮುಂದೆ ನಮ್ಮ ಸೋದರಮಾವ ಅಂತೋಣಪ್ಪ ಮೊಣಕಾಲೂರಿ ಜಪ ಮಾಡುತ್ತಿದ್ದರು. ಆದರೆ ಮುಚ್ಚಿದ್ದು ಒಂದೇ ಕಣ್ಣು. ಇನ್ನೊಂದು, ಗೋಡೆಯ ಗಾಜಿನ ಕಿಂಡಿಯೊಳಗೆ ಕಾಣುವ ಥರ್ಮಾಮೀಟರಿನ ಮೇಲಿತ್ತು. ಕಾವು ಮಿತಿಮೀರಿದರೆ ಒಳಗಿನ ಸೊಪ್ಪೆಲ್ಲ ಕರಕಲು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಸುಮ್ಮನಿರುವುದುಂಟೇ? “ಮಾವ, ನಂಬಿಕೆ ಇದ್ದರೆ ಎರಡೂ ಕಣ್ಣು ಮುಚ್ಚಿ, ಇಲ್ಲದಿದ್ದರೆ ಎರಡೂ ತೆಗೀರಿ. ಇದೆಂಥ ಅರ್ಧಂಬರ್ಧ ಭಕ್ತಿ?” ಎಂದೆ.

“ಸರಿ ಕಣವ್ವ. ನೀನಂತೂ ಜಪ ಮಾಡಾಕಿಲ್ಲ, ನಿನ್ನ ಎರಡು ಕಣ್ಣೂ ಬಿಡುವಾಗವೆ. ನೀನೇ ಕಾವು ನೋಡ್ಕೊ ಬಾ,” ಎಂದು ನನ್ನನ್ನು ಕಿಂಡಿಯ ಬಳಿ ನಿಲ್ಲಿಸಿ, ತಾವು ಮತ್ತೆ ಜಪಕ್ಕೆ ಮೊಣಕಾಲೂರಿದರು.

ಸೌದೆ ಹಾಕುತ್ತಿದ್ದ ಅತ್ತೆ, “ಅಂಗಾರೆ ದ್ಯಾವ್ರೇ ಇಲ್ಲ ಅಂತೀಯೇನೇ?” ಎಂದು ಕೇಳಿಬಿಟ್ಟರು. ಕಿಂಡಿಗೆ ಬೆನ್ನು ಹಾಕಿ, ಕೈಬೀಸಿ ಶುರು ಮಾಡಿದೆ. ನನ್ನ ಒಂದೊಂದು ವಾದಕ್ಕೂ ಅತ್ತೆ ಸಿಟ್ಟಿನಿಂದ ಒಂದೊಂದು ಕೊರಡನ್ನು ಒಲೆಗೆ ತಳ್ಳುತ್ತಾ ಹೋದರು.

“ಲೇ, ಸೌದೆ ಈಚ್ಗೆ ಎಳೀರೇ! ಕಾವು ಏರ್ತಾ ಅದೆ!”

ಮಾವ ಮೊಣಕಾಲ ಮೇಲಿಂದಲೇ ಕೂಗಿದರು. ಆಮೆನ್ ಇನ್ನೂ ಆಗಿರಲಿಲ್ಲ. ಅತ್ತೆಯೂ ನಾನೂ ಬಿದ್ದಂಬೀಳ ಓಡಿ ಉರಿಯುವ ಸೌದೆ ಹೊರಗೆಳೆದೆವು.

ಏದುಸಿರು ಬಿಡುತ್ತಲೇ ಕೇಳಿದೆ: “ಈ ಸಲ ಎರಡೂ ಮುಚ್ಚಿರಲಿಲ್ವಾ ಮಾವ?”

“ದ್ಯಾವ್ರನ್ನ ನಂಬಿದ್ದೆ ಕಣವ್ವ. ನಿನ್ನ ನಂಬಿರ್ನಿಲ್ಲ.”

ಸೊಪ್ಪು ಉಳಿಯಿತು. ನಾನು ಈಗಲೂ ಜಪ ಮಾಡುವುದಿಲ್ಲ. ಆದರೆ ಒಲೆಯ ಮೇಲೆ ಹಾಲಿಟ್ಟು ಯಾರೊಡನೆಯೂ ವಾದಕ್ಕೆ ಇಳಿಯುವುದಿಲ್ಲ.