ಪಿಸ್ತೂಲು ಪೆಟ್ಟಿಗೆಯ ಬೀಗದ ಕೈ

ಲೊರೆಟ್ಟಾ ಡ್ರೈಲಿಂಗ್ ನಮ್ಮ ಶಾಲೆಗೆ ಮೊದಲ ಸಲ ಬಂದದ್ದು ಒಂದು ಬುಧವಾರದ ಮಧ್ಯಾಹ್ನ. ಅಂದು ಊಟಕ್ಕೆ ಮಾಂಸ, ಬೀನ್ಸು ಬೇಯಿಸಿದ ಚಿಲ್ಲಿಯೂ ದಾಲ್ಚಿನ್ನಿಯ ಸಿಹಿ ರೋಲೂ ಇದ್ದುದರಿಂದ ಐದನೆಯ ತರಗತಿಯ ಮಕ್ಕಳೆಲ್ಲ ತೂಕಡಿಸುತ್ತಿದ್ದರು. ಕೌಂಟಿಯ ಕಾನೂನನ್ನೂ ಜೈಲನ್ನೂ ನೋಡಿಕೊಳ್ಳುವ ಷೆರಿಫ್ ವೆಂಡೆಲ್ ಓಕ್ಸ್ ಅವರೇ ಬಂದು ಮಕ್ಕಳೊಡನೆ ಮಾತನಾಡುವುದೆಂದು ನಿಗದಿಯಾಗಿತ್ತು. ತಮಗೆ ಬಿಡುವಿಲ್ಲವೆಂದು ಅವರು ಜೈಲಿನ ಸಾರ್ಜೆಂಟ್ ಆಗಿದ್ದ ಲೊರೆಟ್ಟಾಳನ್ನು ಕಳುಹಿಸಿದ್ದರು. ಗಿಡ್ಡ ಆಳು, ಗಟ್ಟಿ ಮೈಕಟ್ಟು, ಮೊಣಕೈವರೆಗೆ ಮಡಚಿದ ತೋಳು. ಸೊಂಟದ ಪಟ್ಟಿಯಲ್ಲಿ ಪಿಸ್ತೂಲಿನ ಚೀಲ ಮಾತ್ರ ಖಾಲಿ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಿಸ್ತೂಲೆಲ್ಲಿ ಎಂದು ಕೇಳಿದಳು.

"ಕಾರಲ್ಲಿ ಬೀಗ ಹಾಕಿಟ್ಟು ಬಂದೆ ಕಣಮ್ಮ. ಮಕ್ಕಳಿರೋ ಕಡೆ, ಕೈದಿಗಳಿರೋ ಕಡೆ ಅದು ಹೊರಗೇ ಇರ್ಬೇಕು."

ಯಾರನ್ನಾದರೂ ಗುಂಡಿಟ್ಟು ಕೊಂದಿದ್ದೀರಾ ಎಂದು ಹಿಂದಿನಿಂದ ಇನ್ನೊಂದು ದನಿ ಬಂತು.

"ಇಲ್ಲಪ್ಪ. ಆದ್ರೆ ನಾನು ಮಾಡಿದ ಓಟ್ಸ್ ಗಂಜಿ ತಿಂದು ನಾಲ್ಕು ಜನ ಇನ್ಯಾವತ್ತೂ ಕಳ್ಳತನ ಮಾಡಲ್ಲ ಅಂತ ಆಣೆ ಇಟ್ಟಿದಾರೆ."

ತರಗತಿ ಎಚ್ಚರವಾಯಿತು. ಆಕೆ ಗಂಜಿಯ ಮಾತನ್ನು ತಮಾಷೆಗೆ ಹೇಳಿದ್ದಲ್ಲ. ಕ್ಯಾನ್ಸಸ್ಸಿನ ಪಶ್ಚಿಮದ ನಮ್ಮ ಕೆಲ್ಸೋ ಕೌಂಟಿಯ ಜೈಲಿಗೆ ಲೊರೆಟ್ಟಾ ಸೇರಿದ್ದು ಅಡುಗೆಯವಳ ಸಹಾಯಕಿಯಾಗಿ. ಆಗ ಅವಳಿಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಎಂಟು ತಿಂಗಳು. ಗಂಡ ಗ್ಲೆನ್ ಧಾನ್ಯದ ಗೋದಾಮಿನಲ್ಲಿ ತೂಕದ ಕೆಲಸಕ್ಕಿದ್ದ. ಎರಡು ವರ್ಷ ಗಂಜಿ ಕಲಕಿದ ಮೇಲೆ ಹೆಂಗಸರ ಕೋಣೆಗಳ ಕಾವಲಿಗೆ ಜನ ಸಾಲದೆ ಅವಳ ಕೈಗೆ ಬೀಗದ ಕೈಗೊಂಚಲು ಬಂತು. ಆಮೇಲೆ ಸಾರ್ಜೆಂಟ್ ಆದಳು. ಬಳಿಕ ಹಳ್ಳಿಹಳ್ಳಿಗೆ ಕಾರೋಡಿಸಿಕೊಂಡು ಹೋಗಿ ನ್ಯಾಯಾಲಯದ ನೋಟೀಸು ತಲುಪಿಸುವ ಕೆಲಸ, ಅನಂತರ ಕ್ಯಾಪ್ಟನ್. ಕೊನೆಗೆ, ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷವಾದಾಗ, ವೆಂಡೆಲ್ ಅವಳನ್ನು ಅಂಡರ್‌ಷೆರಿಫ್ ಮಾಡಿದರು. ಷೆರಿಫರ ನಂತರದ ಸ್ಥಾನ ಅದು. ಊರವರೂ ಮನೆಯಲ್ಲಿ ಕೇಳಬಹುದಾದ ಪೊಲೀಸ್ ರೇಡಿಯೋದಲ್ಲಿ ಷೆರಿಫರ ನಂಬರು ಒಂದು, ಅವಳದು ಎರಡು. ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದೊಡನೆ "ಎರಡು, ರಸ್ತೆಯಲ್ಲಿ" ಎಂದು ಹೇಳುವಾಗ ಆ ದನಿಯಲ್ಲಿದ್ದ ಸಣ್ಣ ಹೆಮ್ಮೆ ರೇಡಿಯೋ ಕೇಳುವ ಎಲ್ಲರಿಗೂ ಗೊತ್ತಿತ್ತು.

ಷೆರಿಫರನ್ನು ನಾಲ್ಕು ವರ್ಷಕ್ಕೊಮ್ಮೆ ನಾವು ಮತ ಹಾಕಿ ಆರಿಸುತ್ತೇವೆ. ಅವರ ಕೆಳಗಿನವರೆಲ್ಲ ಅವರ ಮರ್ಜಿಯ ಮೇಲೆ ಇರುವವರು. ಅವಧಿ ಮುಗಿದ ದಿನ ಎಲ್ಲರ ಪ್ರಮಾಣವೂ ಮುಗಿಯುತ್ತದೆ. ಗೆದ್ದವರು ಜನವರಿಯಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೋ ಅವರು ನ್ಯಾಯಾಲಯದ ದೊಡ್ಡ ಕೋಣೆಯಲ್ಲಿ ಬಲಗೈ ಎತ್ತಿ ಮತ್ತೆ ಪ್ರಮಾಣ ಮಾಡಬೇಕು. ಲೊರೆಟ್ಟಾ ಏಳು ಸಲ ಕೈ ಎತ್ತಿದ್ದಳು. ಏಳು ಸಲವೂ ವೆಂಡೆಲ್ ಅವರ ಕೆಳಗೇ.

ಅವಳು ಇನ್ನೂ ಸಾರ್ಜೆಂಟ್ ಆಗಿದ್ದಾಗ ಡ್ಯಾರಿನ್ ಸ್ಟ್ರೌಡ್ ಬಂದ. ಷೆರಿಫ್ ಕಚೇರಿಗೆ ಸೇರಿದವರೆಲ್ಲ ಮೊದಲು ಜೈಲಿನಲ್ಲಿ ಎರಡು ವರ್ಷ ಕಳೆಯಬೇಕೆಂಬುದು ವೆಂಡೆಲ್ ಅವರ ನಿಯಮ. ಆರಡಿ ಎತ್ತರ, ಚುರುಕು, ಮಾತಿನಲ್ಲಿ ಜೇನು. ಆದರೆ ಗಮನ ಎಲ್ಲೋ. ಜೈಲಿನ ಉಕ್ಕಿನ ಬಾಗಿಲ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಪೆಟ್ಟಿಗೆಗಳಿವೆ. ಒಳಗೆ ಹೋಗುವವರು ಪಿಸ್ತೂಲನ್ನು ಅಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೇ ಹೋಗಬೇಕು. ಷೆರಿಫರಿಗೂ ವಿನಾಯಿತಿಯಿಲ್ಲ. ಕೆಲಸಕ್ಕೆ ಸೇರಿದ ಐದನೆಯ ತಿಂಗಳು ಡ್ಯಾರಿನ್ ಗುಂಡು ಹಾರಿಸುವ ಅಭ್ಯಾಸ ಮುಗಿಸಿಕೊಂಡು ನೇರವಾಗಿ ಪಾಳಿಗೆ ಬಂದವನು ಸೊಂಟದಲ್ಲಿ ಪಿಸ್ತೂಲನ್ನಿಟ್ಟುಕೊಂಡೇ ಒಳಗೆ ನಡೆದುಬಿಟ್ಟ. ಹನ್ನೊಂದು ಕೈದಿಗಳು ಮೇಜಿನ ಸುತ್ತ ಇಸ್ಪೀಟು ಆಡುತ್ತಿದ್ದರು.

ಲೊರೆಟ್ಟಾ ಅದನ್ನು ಕಂಡಳು. ಓಡಲಿಲ್ಲ, ಕೂಗಲಿಲ್ಲ. ಪಕ್ಕಕ್ಕೆ ಬಂದು, ಪಿಸ್ತೂಲಿರುವ ಬದಿಯಲ್ಲಿ ತನ್ನ ಮೈ ಅಡ್ಡವಿಟ್ಟು, ಅಡುಗೆಮನೆಯಲ್ಲಿ ಟೊಮೇಟೊ ಡಬ್ಬಗಳ ಪೆಟ್ಟಿಗೆ ಎತ್ತಬೇಕು ಬಾ ಎಂದು ಮಾತನಾಡಿಸುತ್ತ ಅವನನ್ನು ಬಾಗಿಲಾಚೆ ನಡೆಸಿದಳು. ಹೊರಗೆ ಬಂದು ಸೊಂಟ ಮುಟ್ಟಿಕೊಂಡ ಮೇಲೆ ಅವನು ನೆಲಕ್ಕೇ ಕುಳಿತ. ವರದಿ ಬರೆದರೆ ಆ ಸಂಜೆಯೇ ಅವನ ಕೆಲಸ ಹೋಗುತ್ತಿತ್ತು. ಅವನ ಹೆಂಡತಿ ಆಗ ತುಂಬು ಬಸುರಿ.

ಲೊರೆಟ್ಟಾ ಬರೆಯಲಿಲ್ಲ. ಮುಂದಿನ ಒಂದು ತಿಂಗಳು ಪ್ರತಿದಿನ ಬಾಗಿಲಲ್ಲಿ ನಿಂತು, ಸೊಂಟ ತಟ್ಟಿ ನೋಡಿಕೊಳ್ಳುವುದನ್ನು ಅವನಿಗೆ ಅಭ್ಯಾಸ ಮಾಡಿಸಿದಳು. ವೆಂಡೆಲ್ ಅವರಿಗೆ ಹೇಳಲಿಲ್ಲ. ಗ್ಲೆನ್‌ನಿಗೂ ಹೇಳಲಿಲ್ಲ. ಡ್ಯಾರಿನ್ ಮಾತ್ರ ಅಂದಿನಿಂದ ಅವಳನ್ನು, ಸಾರ್ಜೆಂಟ್ ಎಂಬುದನ್ನು ಮೊಟಕುಮಾಡಿ, "ಸಾರ್ಜ್" ಎಂದೇ ಕರೆದ. ಅವಳು ಕ್ಯಾಪ್ಟನ್ ಆದಳು, ಅಂಡರ್‌ಷೆರಿಫ್ ಆದಳು. ಅವನೂ ಗಸ್ತಿನ ಕಾರು, ತನಿಖೆ, ಕ್ಯಾಪ್ಟನ್ ಎಂದು ಅವಳ ಹಿಂದೆಯೇ ಮೆಟ್ಟಿಲು ಹತ್ತಿದ. ಆ ಹೆಸರು ಬದಲಾಗಲಿಲ್ಲ. ಅವನ ಬಾಯಲ್ಲಿ ಅದನ್ನು ಕೇಳುವುದು ಅವಳಿಗೆ ಇಷ್ಟವಾಗಿತ್ತು.

ವೆಂಡೆಲ್ ನಿವೃತ್ತರಾಗುವೆನೆಂದಾಗ ಊರಿನ ಬಹಳ ಮಂದಿ ಲೊರೆಟ್ಟಾಳೇ ಚುನಾವಣೆಗೆ ನಿಲ್ಲಲಿ ಎಂದರು. ಅವಳಿಗೂ ಆಸೆ ಹುಟ್ಟಿತ್ತು. ಅರ್ಜಿಯ ಕಾಗದವನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಆ ಭಾನುವಾರ ಚರ್ಚಿನಿಂದ ನೇರವಾಗಿ ಡ್ಯಾರಿನ್ ಮನೆಗೆ ಬಂದ. ಅವಳು ಬಿಸಿ ಬೀರಾಕ್ ತೆಗೆದಿಟ್ಟಳು. ಎಲೆಕೋಸು, ಮಾಂಸ ತುಂಬಿದ ಆ ಬನ್ನನ್ನು ಅವಳಜ್ಜಿಯ ಹಾಗೆ ಮಾಡುವವರು ಊರಲ್ಲಿ ಇನ್ನಾರೂ ಇಲ್ಲ. ಅವನು ಮೂರು ತಿಂದ. ತಿನ್ನುತ್ತ ಲೆಕ್ಕ ಹೇಳಿದ: ಪಟ್ಟಣದ ಪೊಲೀಸು ಮುಖ್ಯಸ್ಥ ರಾಸ್ ಹಫ್ಮನ್ ನಿಲ್ಲುತ್ತಿದ್ದಾನೆ; ನಾವಿಬ್ಬರೂ ನಿಂತರೆ ಮತ ಒಡೆದು ಅವನೇ ಗೆಲ್ಲುತ್ತಾನೆ; ಜೈಲಿನ ಗಂಜಿಯನ್ನು ಒಂದು ದಿನವೂ ಬಡಿಸದವನು ನಮ್ಮೆಲ್ಲರ ತಲೆಯ ಮೇಲೆ ಕೂರುತ್ತಾನೆ.

"ನಾನು ಮುಂದೆ ನಿಲ್ತೀನಿ ಸಾರ್ಜ್, ಕಚೇರಿ ನೀವೇ ನಡೆಸಿ. ಎರಡನೇ ನಂಬರು ನಿಮ್ಮದೇ. ನೀವಿಲ್ದೆ ನನಗೆ ಆ ಕಚೇರೀಲಿ ದೀಪದ ಸ್ವಿಚ್ ಎಲ್ಲಿದೆ ಅಂತಾನೂ ಗೊತ್ತಾಗಲ್ಲ."

ಗ್ಲೆನ್ ಬಾಗಿಲಿಗೆ ಒರಗಿ ನಿಂತಿದ್ದವನು, ಇದನ್ನು ಬರೆದುಕೊಡುತ್ತೀಯಾ ಎಂದು ನಗುತ್ತ ಕೇಳಿದ. ಲೊರೆಟ್ಟಾಳಿಗೆ ನಾಚಿಕೆಯಾಯಿತು. ಮನೆಗೆ ಬಂದವನ ಹತ್ತಿರ ಹಾಗೆ ಕೇಳುವುದೇ ಎಂದು ಗಂಡನನ್ನು ಗದರಿಸಿ, ಫ್ರಿಜ್ಜಿನಿಂದ ಕಾಗದ ಕಿತ್ತಳು.

ಆ ಬೇಸಿಗೆಯೆಲ್ಲ ಅವಳು ಅವನನ್ನು ಕರೆದುಕೊಂಡು ತಿರುಗಿದಳು. ನೋಟೀಸು ತಲುಪಿಸಿದ ವರ್ಷಗಳಲ್ಲಿ ಅವಳಿಗೆ ಪ್ರತಿ ಹೊಲದ ದಾರಿಯೂ ಪ್ರತಿ ನಾಯಿಯ ಹೆಸರೂ ಗೊತ್ತಾಗಿದ್ದವು. ಡ್ಯಾರಿನ್‌ನಿಗೆ ಗೊತ್ತಿರದ ಬಾಗಿಲುಗಳನ್ನು ಅವಳು ತಟ್ಟಿದಳು. ಜನ ಅವಳ ಮುಖ ನೋಡಿ ಅವನ ಕೈ ಕುಲುಕಿದರು. ಜುಲೈಯಲ್ಲಿ ಇದ್ದಕ್ಕಿದ್ದಂತೆ ಹಫ್ಮನ್ ತಾನು ಪ್ರಚಾರ ನಿಲ್ಲಿಸಿರುವುದಾಗಿಯೂ ಸ್ಟ್ರೌಡ್‌ನನ್ನು ಬೆಂಬಲಿಸುವುದಾಗಿಯೂ ಪತ್ರಿಕೆಗೆ ಹೇಳಿಕೆ ಕೊಟ್ಟ. ಲೊರೆಟ್ಟಾ ಅದನ್ನು ದೇವರ ದಯೆಯೆಂದುಕೊಂಡು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದಳು.

ನವೆಂಬರಿನಲ್ಲಿ ಡ್ಯಾರಿನ್ ಗೆದ್ದ. ಜನವರಿಯ ಪ್ರಮಾಣದ ಸಮಾರಂಭಕ್ಕೆ ಕುರ್ಚಿ ಹಾಕಿಸಿದವಳು, ಬಾವುಟಕ್ಕೆ ಇಸ್ತ್ರಿ ಮಾಡಿದವಳು, ಕಾಫಿಗೆ ಹೇಳಿದವಳು ಲೊರೆಟ್ಟಾಳೇ. ಯಾವ ಹುದ್ದೆಗೆ ಯಾರೆಂಬ ಪಟ್ಟಿಯನ್ನು ಮಾತ್ರ ಡ್ಯಾರಿನ್ ತಾನೇ ಬರೆದುಕೊಳ್ಳುವೆನೆಂದಿದ್ದ. ಅವಳಿಗದು ಸಂತೋಷವನ್ನೇ ತಂದಿತ್ತು. ಅಂತೂ ಜವಾಬ್ದಾರಿ ಕಲಿಯುತ್ತಿದ್ದಾನೆ ಎಂದುಕೊಂಡಳು. ಇಪ್ಪತ್ತೊಂಬತ್ತು ಮಂದಿ ಎದ್ದು ನಿಂತರು. ನ್ಯಾಯಾಧೀಶರು ಒಂದೊಂದೇ ಸಾಲು ಹೇಳಿದರು, ಎಲ್ಲರೂ ಕೈ ಎತ್ತಿ ಒಟ್ಟಿಗೆ ಹೇಳಿದರು. ಎಂಟನೆಯ ಸಲವೂ ಅವಳ ದನಿ ಎಲ್ಲರಿಗಿಂತ ಸ್ಪಷ್ಟವಾಗಿತ್ತು. ಎಲ್ಲರೂ ಕುಳಿತ ಮೇಲೆ ಡ್ಯಾರಿನ್ ಪಟ್ಟಿ ಬಿಚ್ಚಿ, ಹುದ್ದೆಯ ಬಿಲ್ಲೆ ತೊಡಿಸಲು ಒಬ್ಬೊಬ್ಬರನ್ನೇ ಕರೆದ.

"ಅಂಡರ್‌ಷೆರಿಫ್, ರಾಸ್ ಹಫ್ಮನ್."

ಪಕ್ಕದ ಬಾಗಿಲಿನಿಂದ ಹಫ್ಮನ್ ಒಳಗೆ ಬಂದ. ಆಗಲೇ ಸಮವಸ್ತ್ರ ತೊಟ್ಟಿದ್ದ. ಅದು ಅವನ ಅಳತೆಗೆ ಹೊಲಿದದ್ದು, ಅಂದರೆ ವಾರಗಳ ಹಿಂದೆಯೇ ಹೊಲಿಯಲು ಕೊಟ್ಟದ್ದು. ಅರ್ಧ ಎದ್ದಿದ್ದ ಲೊರೆಟ್ಟಾ ಹಾಗೆಯೇ ಕುಳಿತಳು. ಕ್ಯಾಪ್ಟನ್ನರ ಹೆಸರು ಬಂತು, ಲೆಫ್ಟಿನೆಂಟರ ಹೆಸರು ಬಂತು. ಕೊನೆಗೆ, ಕಾಗದದಿಂದ ತಲೆ ಎತ್ತದೆ: "ಜೈಲಿನ ಸಾರ್ಜೆಂಟ್, ಲೊರೆಟ್ಟಾ ಡ್ರೈಲಿಂಗ್."

ಗ್ಲೆನ್ ಹಿಂದಿನ ಸಾಲಿನಿಂದ ಎದ್ದು ಹೊರಗೆ ನಡೆದ. ಅವಳೂ ನಡೆಯಬಹುದಿತ್ತು. ಆದರೆ ಕೈ ಎತ್ತಿ ಆಗಿತ್ತು, ಬಾಯಿಂದ ಪ್ರಮಾಣ ಹೊರಬಿದ್ದಿತ್ತು. ಹುದ್ದೆ ಯಾವುದೆಂದು ಕೇಳಿ ಅವಳು ಯಾವ ಸಲವೂ ಕೈ ಎತ್ತಿದವಳಲ್ಲ. ಎದ್ದು ಹೋಗಿ ಬಿಲ್ಲೆ ತೊಡಿಸಿಕೊಂಡಳು. ಡ್ಯಾರಿನ್ ಸೂಜಿ ಚುಚ್ಚಿ, ಪಟ್ಟಿಯನ್ನು ಮಡಚಿ ಜೇಬಿಗಿಟ್ಟ.

ಕಾಫಿ ಮುಗಿದು ಜನ ಚದುರಿದ ಮೇಲೆ ಅವಳು ಅವನ ಕೋಣೆಗೆ ಹೋದಳು.

"ಸಾರ್ಜ್, ಕೂತ್ಕೊಳ್ಳಿ."

ಅವಳು ಕೂರಲಿಲ್ಲ. "ಹಫ್ಮನ್ ಯಾಕೆ ಹಿಂದೆ ಸರಿದ ಅಂತ ಈಗ ಗೊತ್ತಾಯ್ತು."

"ಅವನಿಗೆ ಕೊಟ್ಟ ಮಾತು ನಡೆಸ್ಬೇಕಿತ್ತು."

"ನನಗೂ ಮಾತು ಕೊಟ್ಟಿದ್ದೆ. ನನ್ನ ಅಡುಗೆಮನೇಲಿ ಕೂತು, ನಾನು ಮಾಡಿದ್ದು ತಿಂತಾ."

ಡ್ಯಾರಿನ್ ಕಿಟಕಿಯ ಕಡೆ ತಿರುಗಿದ. "ಹಫ್ಮನ್ ಇಲ್ದಿದ್ರೂ ನಿಮ್ಮನ್ನ ಆ ಜಾಗಕ್ಕೆ ತರೋದು ನನಗೆ ಕಷ್ಟ ಆಗ್ತಿತ್ತು. ಎರಡನೇ ನಂಬರಿನವರು ಷೆರಿಫ್ ಹತ್ರ ಏನನ್ನೂ ಮುಚ್ಚಿಡ್ಬಾರ್ದು. ನೀವು ವೆಂಡೆಲ್ ಹತ್ರ ಮುಚ್ಚಿಟ್ರಿ, ಹದಿನೇಳು ವರ್ಷ."

"ಏನನ್ನ?"

"ನನ್ನ ಪಿಸ್ತೂಲನ್ನ. ಅವರಿಗೆ ಮುಚ್ಚಿಟ್ಟವರು ನನಗೆ ಮುಚ್ಚಿಡಲ್ಲ ಅಂತ ಹೇಗೆ ನಂಬ್ಲಿ?"

ಅವನು ಅದನ್ನು ಕುಹಕದಿಂದ ಹೇಳಿರಲಿಲ್ಲ. ಬಹಳ ದಿನ ಯೋಚಿಸಿ, ತನಗೆ ತಾನೇ ಒಪ್ಪಿಸಿಕೊಂಡು, ನಿಜವಾಗಿಯೂ ನಂಬಿ ಹೇಳಿದಂತಿತ್ತು.

ಅಲ್ಲಿಂದ ಅವಳು ವೆಂಡೆಲ್ ಅವರ ಮನೆಗೆ ಕಾರು ತಿರುಗಿಸಿದಳು. ಮುದುಕರು ಗ್ಯಾರೇಜಿನಲ್ಲಿ ಮೀನಿನ ಗಾಳಗಳನ್ನು ವಿಂಗಡಿಸುತ್ತಿದ್ದರು. ಡ್ಯಾರಿನ್ ಆ ಪಟ್ಟಿಯನ್ನು ತಮಗೆ ಡಿಸೆಂಬರಿನಲ್ಲೇ ತೋರಿಸಿದ್ದನೆಂದು ಅವರೇ ಒಪ್ಪಿಕೊಂಡರು.

"ಕ್ರಿಸ್‌ಮಸ್ ಹೊತ್ತಲ್ಲಿ ನಿನ್ನ ಮನಸ್ಸು ಕೆಡಿಸೋದು ಬೇಡ ಅನ್ನಿಸ್ತಮ್ಮ. ಈಗ ಅದು ಅವನ ಕಚೇರಿ, ನಾನೇನು ಹೇಳೋದು."

ಪಿಸ್ತೂಲಿನ ಮಾತನ್ನು ಅವಳು ಅವರಿಗೆ ಅಂದೂ ಹೇಳಲಿಲ್ಲ. ಮನೆಗೆ ಬಂದು ಷೂ ಬಿಚ್ಚುತ್ತಿದ್ದಾಗ ಅಡುಗೆಮನೆಯ ರೇಡಿಯೋದಲ್ಲಿ ಗಂಡು ದನಿಯೊಂದು "ಎರಡು, ರಸ್ತೆಯಲ್ಲಿ" ಎಂದಿತು. ಗ್ಲೆನ್ ಎದ್ದು ರೇಡಿಯೋ ಆರಿಸಿದ. ಆ ಮನೆಯಲ್ಲಿ ಅದು ಮತ್ತೆ ಮಾತನಾಡಿಲ್ಲ.

ಲೊರೆಟ್ಟಾಳಿಗೆ ಈಗ ಅರವತ್ತು ದಾಟಿದೆ. ಜೈಲಿನ ಬಾಗಿಲ ಪಕ್ಕದ ಮೇಜಿನಲ್ಲಿ ಕೂರುತ್ತಾಳೆ. ಪೆಟ್ಟಿಗೆಗಳ ಬೀಗದ ಕೈಗಳನ್ನು ಕೊಡುವುದೂ ತೆಗೆದುಕೊಳ್ಳುವುದೂ ಅವಳ ಕೆಲಸ. ಅಡುಗೆಮನೆಯಿಂದ ಗಂಜಿಯ ವಾಸನೆ ಬರುತ್ತದೆ, ಚೆನ್ನಾಗಿ ಕಲಕಿಲ್ಲವೆಂದು ಒಮ್ಮೊಮ್ಮೆ ಗೊಣಗುತ್ತಾಳೆ. ಕಳೆದ ವಸಂತದಲ್ಲಿ ಕೇಲಾ ಎಂಬ ಹೊಸ ಕಾವಲುಗಾರ್ತಿ ಸೊಂಟದಲ್ಲಿ ಪಿಸ್ತೂಲಿರುವುದನ್ನು ಮರೆತು ಒಳಗೆ ಎರಡು ಹೆಜ್ಜೆ ಇಟ್ಟಳು. ಲೊರೆಟ್ಟಾ ಮೊದಲಿನಂತೆಯೇ ಮೈ ಅಡ್ಡವಿಟ್ಟು, ಮೆಲ್ಲಗೆ ಮಾತನಾಡಿಸುತ್ತ ಅವಳನ್ನು ಹೊರಗೆ ತಂದಳು. ಅತ್ತು ಮುಗಿಯುವವರೆಗೂ ಬೆನ್ನು ಸವರಿದಳು. ಆಮೇಲೆ ಮೇಜಿನ ಖಾನೆಯಿಂದ ವರದಿಯ ಕಾಗದ ತೆಗೆದು, ತಾರೀಖು, ಗಂಟೆ, ಹೆಸರು ಎಲ್ಲವನ್ನೂ ಬರೆದು ಮೇಲಕ್ಕೆ ಕಳುಹಿಸಿದಳು. ಕೇಲಾಳ ಕೆಲಸ ಹೋಯಿತು. ಅಂದು ಮಧ್ಯಾಹ್ನ ಲೊರೆಟ್ಟಾ ತನ್ನ ಊಟದ ಡಬ್ಬವನ್ನು ತೆರೆಯಲಿಲ್ಲವೆಂದು ಅಡುಗೆಯವಳು ಆಮೇಲೆ ಹೇಳಿದಳು.

ಷೆರಿಫ್ ಸ್ಟ್ರೌಡ್ ಗುರುವಾರ ಗುರುವಾರ ಜೈಲು ನೋಡಲು ಬರುತ್ತಾನೆ. "ಪಿಸ್ತೂಲು, ಷೆರಿಫ್," ಎನ್ನುತ್ತಾಳೆ. ಅವನು "ಆಗಲಿ, ಸಾರ್ಜ್," ಎಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬಾಗಿಲು ದಾಟುವ ಮೊದಲು ಅಂಗೈಯಿಂದ ಸೊಂಟದ ಎರಡೂ ಬದಿ ತಟ್ಟಿ ನೋಡಿಕೊಳ್ಳುತ್ತಾನೆ. ಲೊರೆಟ್ಟಾ ಅದೇ ಖಾನೆಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿರುತ್ತಾಳೆ. ಇಷ್ಟು ವರ್ಷಗಳಲ್ಲಿ ಅವನು ಒಂದು ಸಲವೂ ಮರೆತಿಲ್ಲ.