ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂರ ನಲವತ್ತು ಚೀಟಿ

೧೯೯೯ರ ಜನವರಿಯಲ್ಲಿ ನಾನು ಶಿವಾಜಿನಗರದ ಒಂದು ಯೂನಿಫಾರ್ಮ್ ತಯಾರಿಕಾ ಸಂಸ್ಥೆಗೆ ಸಿಸ್ಟಮ್ಸ್ ಮ್ಯಾನೇಜರ್ ಆಗಿ ಸೇರಿದೆ. ಆಗ ನನಗೆ ಮೂವತ್ತೊಂದು ವರ್ಷ. ಹುದ್ದೆಯ ಹೆಸರು ಕೇಳಿ ದೊಡ್ಡ ದಂಡೇ ಇತ್ತೆಂದು ತಿಳಿಯಬೇಡಿ. ನನ್ನ ವಿಭಾಗದಲ್ಲಿದ್ದದ್ದು ಮೂರು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ನಾನು. ಕಟ್ಟಡಕ್ಕೆಲ್ಲ ಇದ್ದ ಒಂದೇ ಒಂದು ಏಸಿ ನನ್ನ ಗಾಜಿನ ಕೋಣೆಯಲ್ಲಿತ್ತು. ಅದು ಕಂಪ್ಯೂಟರುಗಳಿಗಾಗಿ ಹಾಕಿಸಿದ್ದು, ನನಗಾಗಿ ಅಲ್ಲ ಎಂಬುದನ್ನು ನಮ್ಮ ಯಜಮಾನರು ಎರಡು ಸಲ ಸ್ಪಷ್ಟಪಡಿಸಿದ್ದರು.

ಯಜಮಾನರೆಂದರೆ ಚಂದ್ರಶೇಖರ್. ಅವರು ಕೂರುತ್ತಿದ್ದದ್ದು ಕಮರ್ಷಿಯಲ್ ಸ್ಟ್ರೀಟಿನ ಮಳಿಗೆಯಲ್ಲಿ. ಹೊಲಿಗೆ ನಡೆಯುತ್ತಿದ್ದದ್ದು ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಗಲ್ಲಿಯೊಂದರ ಎರಡು ಮಹಡಿಯ ಕಟ್ಟಡದಲ್ಲಿ. ಅರವತ್ತನಾಲ್ಕು ಹೊಲಿಗೆ ಯಂತ್ರಗಳು. ತಮಿಳು, ಉರ್ದು, ಕನ್ನಡ, ತೆಲುಗು ಎಲ್ಲವೂ ಒಟ್ಟಿಗೇ ಕೇಳುತ್ತಿದ್ದ ಜಾಗ.

ಅಲ್ಲಿನ ಕೆಲಸದ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಒಂದೇ ಅಳತೆಯ ಹತ್ತು ಜೊತೆ ಬಟ್ಟೆಗೆ ಒಂದು ಬಂಡಲ್. ಪ್ರತಿ ಬಂಡಲ್ ನಾಲ್ಕು ಮೇಜು ದಾಟಬೇಕು: ಕಟಿಂಗ್, ಹೊಲಿಗೆ, ಕಾಜಾ-ಗುಂಡಿ, ಕೊನೆಗೆ ಇಸ್ತ್ರಿ. ಒಂದು ಮೇಜಿನಿಂದ ಇಳಿದ ಬಂಡಲ್ ಕೆಲಸದ ಹಾಲ್‌ನ ನಡುವೆ ಕೂತ ಮುನಿಯಮ್ಮನ ಮುಂದೆ ಹಾದೇ ಹೋಗಬೇಕು. ಆಕೆ ಅದಕ್ಕೆ ದಾರ ಕಟ್ಟುತ್ತಿದ್ದರು. ದಾರದ ಬಣ್ಣ ನೋಡಿದರೆ ಯಾವ ಶಾಲೆಯದು, ಅದರ ಗಂಟು ಎಣಿಸಿದರೆ ಯಾವ ಅಳತೆ ಎಂದು ತಿಳಿಯುತ್ತಿತ್ತು. ಜೊತೆಗೊಂದು ಬಿಳಿ ದಾರ. ಒಂದು ಮೇಜು ದಾಟಿದರೆ ಅದರಲ್ಲಿ ಒಂದು ಗಂಟು. ನಾಲ್ಕೂ ದಾಟಿ, ಮುನಿಯಮ್ಮ ತಾವೇ ಬಿಚ್ಚಿ ನೋಡಿ ಒಪ್ಪಿದ ಮೇಲೆ ಆ ಬಿಳಿ ದಾರಕ್ಕೆ ಹೂಗಂಟು ಬೀಳುತ್ತಿತ್ತು. ಹೂಗಂಟು ಬಿದ್ದ ಬಂಡಲ್ ಮಾತ್ರ ಹೊರಗೆ ಹೋಗುವ ಹಾಗಿತ್ತು.

ಮುನಿಯಮ್ಮನಿಗೆ ಐವತ್ನಾಲ್ಕು ವರ್ಷ, ಹಲಸೂರಿನವರು, ಆ ಮೇಜಿನಲ್ಲಿ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದರು. ಮಗಳು ನರ್ಸಿಂಗ್ ಓದುತ್ತಿದ್ದಳು, ಇನ್ನೊಂದು ವರ್ಷ ಬಾಕಿಯಿತ್ತು. ನನ್ನನ್ನು ಮೊದಲು ‘ಮೇಡಂ, ನೀವು’ ಎನ್ನುತ್ತಿದ್ದವರು, ನಾನು ಬೈಯಪ್ಪನಹಳ್ಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆಯವಳೆಂದು ಗೊತ್ತಾದ ದಿನವೇ ‘ನೀನು’ಗೆ ಇಳಿದರು. “ನಿಮ್ಮಜ್ಜಿ ಹತ್ರ ದಂಟಿನ ಸೊಪ್ಪು ತಗೊಂಡಿದೀನಿ ಕಣಮ್ಮಾ, ಕಟ್ಟು ಸಣ್ಣದಾಗಿ ಕಟ್ಟೋರು” ಎಂದು ನನ್ನ ಮನೆತನದ ಮಾನವನ್ನು ಎಲ್ಲರೆದುರೇ ಹರಾಜಿಗಿಟ್ಟರು.

ನನ್ನ ಪ್ರಾಜೆಕ್ಟ್ ಆ ದಾರವನ್ನು ತೆಗೆದುಹಾಕುವುದು. ಪ್ರತಿ ಬಂಡಲಿಗೆ ಬಾರ್‌ಕೋಡಿನ ಒಂದು ಚೀಟಿ, ಪ್ರತಿ ಮೇಜಿನಲ್ಲಿ ಕೆಂಪು ಬೆಳಕಿನ ಒಂದು ರೀಡರ್. ಚೀಟಿಯನ್ನು ಬೆಳಕಿಗೆ ಹಿಡಿದರೆ ‘ಬೀಪ್’ ಎನ್ನುತ್ತದೆ, ಆ ಬಂಡಲ್ ಆ ಮೇಜು ದಾಟಿತೆಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಯಜಮಾನರು ಮಳಿಗೆಯಲ್ಲಿ ಕೂತೇ ಫೋನು ಮಾಡಿ, ಯಾವ ಶಾಲೆಯದು ಎಷ್ಟಾಯಿತೆಂದು ಕೇಳಬಹುದು. ಯೋಜನಾ ವರದಿಯನ್ನು ನಾನು ಬಹಳ ಹುರುಪಿನಿಂದ ಬರೆದೆ. ‘ಪ್ರಯೋಜನಗಳು’ ಎಂಬ ತಲೆಬರಹದ ಕೆಳಗೆ ನಾಲ್ಕನೆಯ ಸಾಲು ಹೀಗಿತ್ತು: ‘ದಾರದ ಮೇಜಿನ ಒಂದು ಹುದ್ದೆ ಅನಗತ್ಯವಾಗುತ್ತದೆ.’ ಬರೆಯುವಾಗ ಅದು ನನಗೆ ಒಂದು ಸಾಲಾಗಿ ಕಂಡಿತೇ ಹೊರತು ಮುನಿಯಮ್ಮನಾಗಿ ಕಾಣಲಿಲ್ಲ. ಯಜಮಾನರಿಗೆ ಆ ಸಾಲೇ ಬಹಳ ಹಿಡಿಸಿತು. ಮೇ ಕೊನೆಗೆ ಆಕೆಯನ್ನು ಕೆಲಸದಿಂದ ಬಿಡಿಸುವುದೆಂದು ತೀರ್ಮಾನವಾಯಿತು. ವಿಷಯ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು, ಅಥವಾ ಹಾಗೆಂದು ನಾನು ತಿಳಿದಿದ್ದೆ.

ಮೇ ಮೂರರಂದು ‘ಗೋ-ಲೈವ್’, ಅಂದರೆ ಹಳೆಯ ಪದ್ಧತಿ ನಿಲ್ಲಿಸಿ ಹೊಸದನ್ನು ನಿಜವಾದ ಕೆಲಸಕ್ಕೆ ಹಚ್ಚುವ ದಿನ. ಇದಕ್ಕೆ ಮೊದಲು ಕೆಲವು ವಾರ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿ ತಾಳೆ ನೋಡಬೇಕು. ಅದಕ್ಕೆ ‘ಪ್ಯಾರಲಲ್ ರನ್’ ಎನ್ನುತ್ತೇವೆ. ಶಾಲೆ ತೆರೆಯುವ ಸೀಸನ್ ಹತ್ತಿರ ಬಂತೆಂಬ ನೆಪದಿಂದ ನಾನು ಅದನ್ನು ಕೈಬಿಟ್ಟೆ. ಅಂದು ಬೆಳಿಗ್ಗೆ ಯಜಮಾನರು ಎಲ್ಲರನ್ನೂ ಸೇರಿಸಿ ಚೀಟಿಯ ಸುರುಳಿಯೊಂದನ್ನು ಎತ್ತಿ ತೋರಿಸಿದರು. “ಇದು ಫಾರಿನ್ನಿಂದ ಬಂದಿರೋ ಪೇಪರು. ಒಂದೂ ಹರೀಬಾರ್ದು, ಒಂದೂ ಕೊಳೆ ಆಗ್ಬಾರ್ದು. ನಾಲ್ಕು ಕಡೇನೂ ತೋರಿಸ್ಬೇಕು. ತಿಳೀತಾ?” ನಾನು ಮುನಿಯಮ್ಮನ ಕಡೆ ತಿರುಗಿ, ಇನ್ನು ಮೇಲೆ ದಾರ ಬೇಡ, ಚೀಟಿಗಳ ಜವಾಬ್ದಾರಿ ನಿಮ್ಮದು ಎಂದೆ. ಆಕೆ ತಲೆಯಾಡಿಸಿದರು.

ಆಮೇಲಿನ ಮೂರು ವಾರ ನನ್ನ ಜೀವನದ ಅತ್ಯಂತ ಹೆಮ್ಮೆಯ ದಿನಗಳು. ಬೆಳಿಗ್ಗೆ ಕತ್ತರಿಸಿದ ಬಂಡಲ್ ಮಧ್ಯಾಹ್ನ ಮೂರರ ಹೊತ್ತಿಗೆ ಹೊಲಿಗೆ, ಗುಂಡಿ, ಇಸ್ತ್ರಿ ಎಲ್ಲ ಮುಗಿಸಿ ಸಿದ್ಧವಾಗಿದೆ ಎಂದು ಪರದೆ ಹೇಳುತ್ತಿತ್ತು. ದಿನವೂ ಊಟದ ನಂತರ ಅಂಕಿ ಜಿಗಿಯುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ಜನ ಚುರುಕಾಗುತ್ತಾರೆ ಎಂದು ನಾನು ಒಂದು ಸಿದ್ಧಾಂತವನ್ನೇ ಕಟ್ಟಿದ್ದೆ. ಯಜಮಾನರು ಮೈಸೂರು ಪಾಕಿನ ಪೊಟ್ಟಣ ಕಳಿಸಿದರು. ಏಸಿ ಕೋಣೆಯಲ್ಲಿ ಕೂತು ತಿಂದೆ. ಎದ್ದು ಹತ್ತು ಹೆಜ್ಜೆ ಹಾಕಿ ಇಸ್ತ್ರಿ ಮೇಜಿನ ಪಕ್ಕದ ಸ್ಟೋರ್ ರೂಮಿಗೆ ಇಣುಕಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೇ ಇಪ್ಪತ್ತೇಳು, ಗುರುವಾರ. ಸಿ.ವಿ. ರಾಮನ್ ನಗರದ ಕಡೆಯ ಶಾಲೆಯೊಂದರ ಇನ್ನೂರ ನಲವತ್ತು ಬಂಡಲ್, ಅಂದರೆ ಎರಡು ಸಾವಿರದ ನಾನೂರು ಜೊತೆ ಬಟ್ಟೆ, ಪೂರ್ತಿ ಸಿದ್ಧ ಎಂದು ಪರದೆಯಲ್ಲಿತ್ತು. ಶಾಲೆ ತೆರೆಯುವುದು ಜೂನ್ ಒಂದರ ಮಂಗಳವಾರ. ಯಜಮಾನರು ಖುಷಿಯಿಂದ ಶಾಲೆಗೆ ಫೋನು ಮಾಡಿ ವ್ಯಾನು ಕಳಿಸಿ ಎಂದುಬಿಟ್ಟಿದ್ದರು. ಹನ್ನೊಂದು ಗಂಟೆಗೆ ವ್ಯಾನು ಬಂದೇ ಬಂತು. ನಾನು ಪ್ರಿಂಟ್ ಹಿಡಿದು ಸ್ಟೋರ್ ರೂಮಿನ ಬಾಗಿಲು ತೆಗೆಸಿದೆ. ಅರ್ಧಕ್ಕಿಂತ ಹೆಚ್ಚು ಕಪಾಟು ಖಾಲಿ.

ಕಟಿಂಗ್ ಮಾಸ್ಟರ್ ಬಷೀರ್ ಸಾಹೇಬರು ನನ್ನ ಕೈಯ ಕಾಗದವನ್ನೂ ಕಪಾಟನ್ನೂ ಒಂದೊಂದು ಸಲ ನೋಡಿದರು. “ಕ್ಯಾ ಮೇಡಂ, ಇನ್ನೂ ಗುಂಡೀನೇ ಇಲ್ದಿರೋ ಶರ್ಟು ನಿಮ್ ಮಷೀನಲ್ಲಿ ಇಸ್ತ್ರಿ ಆಗ್ಬಿಟ್ಟಿದ್ಯಾ?”

ನಾನು ಓಡಿದ್ದು ಮುನಿಯಮ್ಮನ ಹತ್ತಿರ. ಚೀಟಿಗಳೆಲ್ಲಿ ಎಂದು ಕೇಳಿದೆ. ಆಕೆ ಮೇಜಿನ ಕೆಳಗಿನಿಂದ ದೊಡ್ಡ ಬಿಸ್ಕತ್ತಿನ ಡಬ್ಬಿಯೊಂದನ್ನು ಎತ್ತಿ ಮುಚ್ಚಳ ತೆಗೆದರು. ಇನ್ನೂರ ನಲವತ್ತು ಚೀಟಿಗಳು ಒಂದರ ಮೇಲೊಂದು, ಮೂಲೆ ಮಡಿಸದೆ, ಸೀಮೆಸುಣ್ಣದ ಒಂದು ಕಲೆಯೂ ಇಲ್ಲದೆ ಕೂತಿದ್ದವು. ಹುಳ ಹಿಡಿಯಬಾರದೆಂದು ನಡುನಡುವೆ ಬೇವಿನ ಸೊಪ್ಪು ಬೇರೆ.

“ಇದನ್ನ ಬಂಡಲಿಂದ ಯಾಕೆ ತೆಗೆದ್ರಿ ಅಕ್ಕಾ?”

“ಇನ್ನೇನು ಮಾಡ್ಲಿ? ಬಂಡಲ್ ಜೊತೇಲಿ ಬಿಟ್ರೆ ಎಣ್ಣೆ ಆಗ್ತದೆ, ಇಸ್ತ್ರೀಲಿ ಸುಟ್ಟೋಗ್ತದೆ. ಕಟಿಂಗಿಂದ ಬಂದ ತಕ್ಷಣ ಬಿಚ್ಚಿ ಎತ್ತಿಟ್ಕೊತಿದ್ದೆ.”

“ಮತ್ತೆ ನಾಲ್ಕು ಮೇಜಲ್ಲೂ ಬೀಪ್ ಆಗಿದ್ಯಲ್ಲ?”

“ತೋರಿಸ್ಬೇಕು ಅಂದ್ರಲ್ಲ. ದಿನಾ ಊಟ ಆದ್ಮೇಲೆ ಅವತ್ತಿನ ಚೀಟಿ ಎಲ್ಲಾ ತಗೊಂಡೋಗಿ ನಾಕು ದೀಪಕ್ಕೂ ತೋರಿಸ್ಕೊಂಡು ಬರ್ತಿದ್ದೆ, ಮಂಗಳಾರತಿ ಥರ. ಒಂದು ದಿನಾನೂ ತಪ್ಪಿಸಿಲ್ಲ ಕಣಮ್ಮಾ!”

ನಾವು ಹೇಳಿದ್ದನ್ನು ಆಕೆ ಅಕ್ಷರಶಃ ಮಾಡಿದ್ದರು. ಚೀಟಿ ಬಂಡಲಿನ ಜೊತೆಗೇ ಸಾಗಬೇಕು, ಏಕೆ ಸಾಗಬೇಕು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಒಂದು ಬಂಡಲ್ ಹತ್ತು ನಿಮಿಷದಲ್ಲಿ ನಾಲ್ಕು ಮೇಜು ದಾಟುವುದು ಅಸಾಧ್ಯ ಎಂಬ ಸರಳ ತಪಾಸಣೆಯನ್ನೂ ಪ್ರೋಗ್ರಾಮಿನಲ್ಲಿ ಹಾಕಿರಲಿಲ್ಲ. ಅಷ್ಟರಲ್ಲಿ ಯಜಮಾನರೂ ಬಂದು ಮುಟ್ಟಿದರು, ಮುಖ ಕೆಂಪಗಾಗಿತ್ತು. ಈಗ ಯಾವುದು ಎಲ್ಲಿದೆ ಎಂದು ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿದರು.

ಮುನಿಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡರು. ಮೇಜಿನಿಂದ ಮೇಜಿಗೆ ನಡೆಯುತ್ತ, ಬಂಡಲುಗಳ ಕೆಳಗೆ ಕೈಹಾಕಿ ಬೆರಳಲ್ಲೇ ಸವರಿ ನೋಡುತ್ತ ಹೇಳತೊಡಗಿದರು. ನಾನು ಬರೆದುಕೊಂಡೆ. ಇಪ್ಪತ್ತೈದು ನಿಮಿಷದಲ್ಲಿ ಲೆಕ್ಕ ಮುಗಿಯಿತು: ಸಿದ್ಧವಾದದ್ದು ತೊಂಬತ್ತಾರು, ಇಸ್ತ್ರಿ ಮಾತ್ರ ಬಾಕಿ ಇದ್ದದ್ದು ಅರವತ್ತು, ಗುಂಡಿ ಬಾಕಿ ಐವತ್ತು, ಇನ್ನೂ ಹೊಲಿಗೆಯಲ್ಲಿದ್ದದ್ದು ಮೂವತ್ನಾಲ್ಕು. ಕೂಡಿದರೆ ಸರಿಯಾಗಿ ಇನ್ನೂರ ನಲವತ್ತು.

ಬೇಡವೆಂದಿದ್ದ ದಾರ ಪ್ರತಿ ಬಂಡಲಿನಲ್ಲೂ ಇತ್ತು! ನನ್ನ ಕಣ್ಣಿಗೆ ಬೀಳದಂತೆ ಕೆಳಗಡೆ ಕಟ್ಟಿದ್ದರು.

“ತಪ್ಪು ತಿಳ್ಕೋಬೇಡ,” ಎಂದರು. “ದಾರ ಇಲ್ದಿರೋ ಬಂಡಲ್ ಮುಂದಕ್ಕೆ ತಳ್ಳೋಕೆ ಕೈಯೇ ಬರ್ಲಿಲ್ಲ.”

ಎಲ್ಲಿ ಏನು ಬಾಕಿ ಎಂದು ತಿಳಿದ ಮೇಲೆ ಉಳಿದದ್ದು ಬರೀ ಕೆಲಸ. ತೊಂಬತ್ತಾರು ಬಂಡಲ್ ಆಗಲೇ ವ್ಯಾನು ಹತ್ತಿದವು. ಹೊಲಿಗೆ ಮುಗಿಸಿದವರು ಗುಂಡಿಗೆ ಕೂತರು, ಗುಂಡಿ ಮುಗಿಸಿದವರು ಇಸ್ತ್ರಿಗೆ ನಿಂತರು. ಭಾನುವಾರವೂ ಎಲ್ಲರೂ ತಾವಾಗಿ ಬಂದರು. ಬಷೀರ್ ಸಾಹೇಬರ ಮನೆಯಿಂದ ದೊಡ್ಡ ಹಂಡೆಯಲ್ಲಿ ಬಿರಿಯಾನಿ ಬಂತು. ತಿನ್ನದವರಿಗೆ ಮುನಿಯಮ್ಮ ಪುಳಿಯೋಗರೆ ಕಲಸಿ ತಂದಿದ್ದರು. ನಾನೂ ಏಸಿ ಆರಿಸಿ ಹೊರಗೆ ಬಂದು ಗುಂಡಿ ಹೊಲಿದೆ. ನನ್ನ ಮೊದಲ ಎರಡು ಗುಂಡಿಗಳನ್ನು ಬಷೀರ್ ಸಾಹೇಬರು ಕಿತ್ತು ಬೇರೆಯವರಿಗೆ ಕೊಟ್ಟರು. ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಕೊನೆಯ ಬಂಡಲಿಗೆ ಹೂಗಂಟು ಬಿದ್ದಾಗ ಹಾಲ್‌ನಲ್ಲಿ ಶಿಳ್ಳೆಯೋ ಶಿಳ್ಳೆ. ಅಷ್ಟು ಸಂತೋಷವನ್ನು ನಾನು ಆಮೇಲೆ ಯಾವ ಆಫೀಸಿನಲ್ಲೂ ನೋಡಲಿಲ್ಲ.

ವ್ಯಾನು ಹೋದ ಮೇಲೆ ಯಜಮಾನರು ನನ್ನ ಕೋಣೆಗೆ ಬಂದು ಕೂತರು. “ಈ ಕಂಪ್ಯೂಟರ್ ಡಬ್ಬಗಳನ್ನೆಲ್ಲ ವಾಪಸ್ ಕಳಿಸ್ಬಿಡೋಣ ಅನ್ನಿಸ್ತಿದೆ.”

ನಾನು ಯೋಜನಾ ವರದಿ ತೆಗೆದು ನಾಲ್ಕನೆಯ ಸಾಲನ್ನು ಪೆನ್ನಿನಿಂದ ಅಡ್ಡಗೀಟೆಳೆದು ಹೊಡೆದುಹಾಕಿದೆ. “ತಪ್ಪಿರೋದು ಕಂಪ್ಯೂಟರಲ್ಲಲ್ಲ ಸಾರ್, ಈ ಸಾಲಲ್ಲಿ. ಮುನಿಯಮ್ಮ ಇಲ್ದೆ ಇದು ನಡೆಯಲ್ಲ. ಅವರನ್ನ ಉಳಿಸ್ಕೊಳಿ, ಇನ್ನೊಂದ್ಸಲ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಡಬ್ಬದ ಜೊತೆ ನನ್ನನ್ನೂ ಕಳಿಸಿ.” ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆ ಅಡ್ಡಗೀಟಿನ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

ಆ ಕಾಗದ ಹಿಡಿದು ಮುನಿಯಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಆಕೆ ನಕ್ಕುಬಿಟ್ಟರು. “ಗೊತ್ತಿತ್ತು ಬಿಡು. ನಿನ್ನ ಆ ವರದಿ ತಗೊಂಡೋಗಿ ಬೈಂಡ್ ಮಾಡಿಸ್ಕೊಂಡು ಬಂದಿದ್ದು ನಾನೇ ಅಲ್ವಾ? ನನ್ನ ಮಗಳು ಓದಿ ಹೇಳಿದ್ಲು.” ಎಲ್ಲ ಗೊತ್ತಿದ್ದೂ ಆಕೆ ಮೂರು ವಾರ ನನ್ನ ಚೀಟಿಗಳಿಗೆ ಬೇವಿನ ಸೊಪ್ಪು ಹಾಕಿ ಕಾಪಾಡಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಆಕೆ ತಮ್ಮ ಸೆರಗಿನ ತುದಿ ಕೊಟ್ಟರು.

ಮಾರನೆಯ ದಿನದಿಂದ ಆಕೆಯ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ, ಹದಿನೈದು ದಿನ. ಆರನೆಯ ದಿನ ಆಕೆ ಕೇಳಿದರು: “ನಾಕು ಟಾರ್ಚು ಯಾಕೆ? ಎಲ್ಲಾ ಬಂಡಲ್ಲೂ ನನ್ನ ಮುಂದೇನೇ ಹೋಗ್ತದಲ್ಲ. ಒಂದನ್ನ ಇಲ್ಲಿ ಕೊಡು. ಗಂಟು ಹಾಕ್ತಾನೇ ಬೀಪ್ ಮಾಡ್ತೀನಿ.”

ಇಡೀ ಹೊಸ ವಿನ್ಯಾಸ ಆ ಮಾತಿನಲ್ಲಿತ್ತು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಶಾಲೆಯ ದಾರಕ್ಕೇ ಕಟ್ಟಿದೆವು. ಬಿಳಿ ದಾರದಲ್ಲಿ ಎಷ್ಟನೆಯ ಗಂಟೋ ಆ ಅಂಕಿ ಒತ್ತಿ ಬೀಪ್ ಮಾಡುವುದು. ಪರದೆಯ ಮೇಲೂ ಶಾಲೆಗಳನ್ನು ದಾರದ ಬಣ್ಣದಲ್ಲೇ ತೋರಿಸಿದೆ. ಇಂಗ್ಲಿಷ್ ಬಾರದವರೂ ದೂರದಿಂದಲೇ ಓದತೊಡಗಿದರು. ಈ ಸಲ ಪ್ಯಾರಲಲ್ ರನ್ ಪೂರ್ತಿ ಮೂರು ವಾರ. ದಿನವೂ ಸಂಜೆ ಐದಕ್ಕೆ ಪರದೆಯ ಅಂಕಿ ಒಂದು ಕಡೆ, ಮುನಿಯಮ್ಮನ ಬೆರಳು ಒಂದು ಕಡೆ. ಮೊದಲ ವಾರ ಕಂಪ್ಯೂಟರ್ ನಾಲ್ಕು ಸಲ ಸೋತಿತು, ಎರಡನೆಯ ವಾರ ಒಂದು ಸಲ. ಮೂರನೆಯ ವಾರ ಎಲ್ಲ ದಿನವೂ ತಾಳೆಯಾಯಿತು.

ಆ ಶನಿವಾರ ಸಂಜೆ ಮುನಿಯಮ್ಮ ಮೊದಲ ಸಲ ನನ್ನ ಗಾಜಿನ ಕೋಣೆಗೆ ಬಂದರು, ಚಪ್ಪಲಿ ಹೊರಗೆ ಬಿಟ್ಟು. ಮಾನಿಟರಿನ ಕತ್ತಿಗೆ ಬಿಳಿ ದಾರ ಸುತ್ತಿ, ನಾಲ್ಕು ಗಂಟು ಹಾಕಿ, ಕೊನೆಗೆ ಹೂಗಂಟು ಬಿಗಿದರು. “ಹೂಂ, ಇನ್ನು ಕಳಿಸ್ಬಹುದು.” ನನ್ನ ವೃತ್ತಿಯಲ್ಲಿ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಅದೊಂದನ್ನೇ ನಾನು ಕಷ್ಟಪಟ್ಟು ಸಂಪಾದಿಸಿದ್ದು.

ಆಮೇಲೆ ದೊಡ್ಡ ಕಂಪನಿಗಳಲ್ಲಿ ದೊಡ್ಡ ಪ್ರಾಜೆಕ್ಟುಗಳನ್ನು ನಡೆಸಿದೆ. ಹೊಸ ಯಂತ್ರ ಸಿದ್ಧವಾಯಿತೇ ಎಂದು ಹೇಳುವ ಅಧಿಕಾರ ಅದನ್ನು ಮಾಡಿದವರದಲ್ಲ, ದಿನವೂ ಅದರೊಡನೆ ಬಾಳಬೇಕಾದವರದು ಎಂಬ ಪಾಠವನ್ನು ಮಾತ್ರ ಆ ಗಲ್ಲಿಯಿಂದಲೇ ಒಯ್ದೆ. ೨೦೦೩ರಲ್ಲಿ ಒಮ್ಮೆ ಅಲ್ಲಿಗೆ ಹೋದಾಗ ಹಳೆಯ ಕಂಪ್ಯೂಟರ್ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ಮಗಳು ನರ್ಸಾಗಿ ಮೂರು ವರ್ಷವಾಗಿದ್ದರೂ ಮುನಿಯಮ್ಮ ಮೇಜು ಬಿಟ್ಟಿರಲಿಲ್ಲ. ಹಳೆಯ ಮಾನಿಟರಿನ ಕತ್ತಿನ ದಾರವನ್ನು ಜೋಪಾನವಾಗಿ ಬಿಚ್ಚುತ್ತಿದ್ದರು. ಅದನ್ನು ಹೊಸದಕ್ಕೆ ಕಟ್ಟುತ್ತೀರಾ ಎಂದು ಕೇಳಿದೆ.

ಆಕೆ ದಾರವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. “ಅದ್ಹೆಂಗೆ ಕಟ್ಲಿ? ಇದು ನಿನ್ನೆ ಬಂದಿರೋದು. ಮೂರು ವಾರ ನೋಡ್ತೀನಿ.”